ಚಿಕ್ಕಪ್ಪ, ಸರ್ವರ್ ಮತ್ತು ಊರವರ ಹಲ್ಲು

ಮೊದಲೇ ಹೇಳಿಬಿಡ್ತೀನಿ, ನಾವು ಬೇರೆಯವರ ಬಾಯಿಂದ ಬದುಕೋ ಜನ. ನಮ್ಮದು ಹಲ್ಲಿನ ಲ್ಯಾಬ್. ಹಲ್ಲಿನ ಡಾಕ್ಟರುಗಳು ರೋಗಿಯ ಬಾಯಿ ಅಚ್ಚು ತೆಗೆದು ನಮಗೆ ಕಳಿಸ್ತಾರೆ, ನಾವು ಹಲ್ಲು ಮಾಡಿ ವಾಪಸ್ ಕಳಿಸ್ತೀವಿ, ಅವರು ಕೂರಿಸ್ತಾರೆ. ಚೆನ್ನಾಗಿ ಕೂತರೆ ಡಾಕ್ಟರ ಕೈಗುಣ, ಕೂರದಿದ್ದರೆ ಲ್ಯಾಬಿನವರ ತಪ್ಪು. ಈ ನ್ಯಾಯಕ್ಕೆ ನಾವು ಯಾವತ್ತೋ ಒಗ್ಗಿಹೋಗಿದ್ದೀವಿ.

ಲ್ಯಾಬ್ ಕಟ್ಟಿದ್ದು ನಮ್ಮಪ್ಪ. ಅದರ ಕಂಪ್ಯೂಟರ್ ಕಾದಿದ್ದು ಅಪ್ಪನ ತಮ್ಮ, ನಮ್ಮ ಚಿಕ್ಕಪ್ಪ. ಅಪ್ಪ ಹೋದಮೇಲೆ ಲ್ಯಾಬ್ ನನ್ನ ತಲೆಗೆ ಬಂತು. ಅದರ ಜೊತೆಗೆ ಸಾಲು ಸಾಲು ಮೇಜು, ಪಾಲಿಶ್ ಮಷೀನು, ಎಲ್ಲಿ ಮುಟ್ಟಿದರೂ ಕೈಗೆ ಅಂಟೋ ಪ್ಲಾಸ್ಟರ್ ಪುಡಿ ಮತ್ತು ಚಿಕ್ಕಪ್ಪ, ಇಷ್ಟೂ ಬಂದವು. ಯಾವುದನ್ನೂ ಬೇಡ ಅನ್ನೋ ಹಾಗಿರಲಿಲ್ಲ.

ಚಿಕ್ಕಪ್ಪ ಮೊದಲು ಲ್ಯಾಬಿಗೆ ಬಂದಿದ್ದು ಸೈಕಲ್ ಮೇಲೆ ಹಲ್ಲು ಹಂಚೋದಕ್ಕೆ. ಒಂದು ಸಲ ಕ್ಲಿನಿಕ್ಕಿಗೆ ಹೋಗ್ತಾ ತಿರುವಿನಲ್ಲಿ ಬಿದ್ದು, ಡಬ್ಬಿ ಒಡೆದು, ಹಲ್ಲೆಲ್ಲ ರಸ್ತೆಗೆ ಚೆಲ್ಲಿ, ಇವರು ಕುಕ್ಕರಗಾಲಲ್ಲಿ ಕೂತು ಒಂದೊಂದೇ ಆರಿಸ್ತಿದ್ದರಂತೆ. ದಾರಿಯಲ್ಲಿ ಹೋಗ್ತಿದ್ದವನೊಬ್ಬ ಓಡಿಬಂದು, "ಅಯ್ಯಯ್ಯೋ, ಯಾರಪ್ಪಾ ನಿನಗೆ ಹೀಗೆ ಹೊಡೆದಿದ್ದು?" ಅಂತ ಕೇಳಿದನಂತೆ. ಚಿಕ್ಕಪ್ಪ ತಲೆ ಎತ್ತಿ ಬಾಯ್ತುಂಬ ನಕ್ಕರು. ಕೆಳಗೆ ಅಷ್ಟು ಹಲ್ಲು, ಬಾಯೊಳಗೂ ಪೂರ್ತಿ ಹಲ್ಲು! ಕೇಳಿದವನು ಹಿಂದೆ ತಿರುಗಿ ನೋಡದೆ ಓಡಿದ.

ಆವತ್ತು ಒಂದು ಹಲ್ಲು ಸಿಗಲೇ ಇಲ್ಲ, ಚರಂಡಿ ಪಾಲಾಯ್ತು. ಅಪ್ಪ ಹೊಸದು ಮಾಡೋ ತನಕ ರೋಗಿ ಕೈಯಡ್ಡ ಇಟ್ಟುಕೊಂಡು ಮಾತಾಡಿದ್ದಾನೆ. ಅಲ್ಲಿಂದ ಚಿಕ್ಕಪ್ಪನಿಗೆ ಒಂದು ಹುಚ್ಚು ಹತ್ತಿತು. ಒಂದಿದ್ದರೆ ಒಂದೂ ಇಲ್ಲ ಅಂತ ಲೆಕ್ಕ. ಜೇಬಲ್ಲಿ ಎರಡು ಪೆನ್ನು, ಮೂಗಿನ ಮೇಲೊಂದು ಕನ್ನಡಕ, ಕತ್ತಿನಲ್ಲೊಂದು ಕನ್ನಡಕ, ಬೀಗಕ್ಕೆ ಎರಡು ಕೀ, ಊಟಕ್ಕೆ ಎರಡು ಚಮಚ. ಮನೆಯಲ್ಲಿ ಅವರನ್ನು 'ಜೋಡಿ' ಅಂತಲೇ ಕರೆಯೋದು. ಚಿಕ್ಕಮ್ಮ ಹೇಳ್ತಿರ್ತಾರೆ, "ಹೆಂಡತಿ ಒಬ್ಬಳೇ ಯಾಕೆ ಅಂತ ಕೇಳಬೇಡ. ಆಸೆ ಇಲ್ಲ ಅಂತಲ್ಲ, ಧೈರ್ಯ ಇಲ್ಲ."

ಇಂಥ ಮನುಷ್ಯನ ಕೈಗೆ ಸರ್ವರ್ ಸಿಕ್ಕಿದ್ದು ಅಂದರೆ ಇಲಿಗೆ ಉಗ್ರಾಣದ ಕೀ ಸಿಕ್ಕಿದ ಹಾಗೆ. ಅಚ್ಚುಗಳನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿಡೋ ಕಾಲ ಬಂದಾಗ, ಅಪ್ಪ ಆ ಕಪ್ಪು ಡಬ್ಬವನ್ನು ತಂದು ಮೂಲೆ ಮೇಜಿನ ಕೆಳಗಿಟ್ಟರು. ಉಳಿದವರೆಲ್ಲ ಅದನ್ನು ಮುಟ್ಟಿದರೆ ಶಾಕ್ ಹೊಡೆಯುತ್ತೆ ಅನ್ನೋ ಹಾಗೆ ದೂರ ನಿಂತರು. ಚಿಕ್ಕಪ್ಪ ಮಾತ್ರ ಚಾಪೆ ಹಾಸಿ ಅದರ ಪಕ್ಕ ಮಲಗಿ, ಪುಸ್ತಕ ಓದಿಕೊಂಡು, ಯಾವ ತಂತಿ ಎಲ್ಲಿಗೆ ಅಂತ ಕಲಿತರು. ಒಳಗೆ ಬಂದ ಪ್ರತಿ ಬಾಯಿಗೂ ದಿನಾ ಸಂಜೆ ನಕಲು ತೆಗೀತಿದ್ದರು. ಒಂದು ನಕಲು ಲ್ಯಾಬಿನ ಕಪಾಟಿನಲ್ಲಿ, ಇನ್ನೊಂದು ಅವರ ಮನೆಯಲ್ಲಿ, ಚಿಕ್ಕಮ್ಮನ ಬಟ್ಟೆ ಬೀರುವಿನಲ್ಲಿ. ಲ್ಯಾಬಿಗೆ ಬೆಂಕಿ ಬಿದ್ದರೂ ಊರಿನ ಹಲ್ಲು ಚಿಕ್ಕಮ್ಮನ ಸ್ವೆಟರ್ ಮಧ್ಯೆ ಬೆಚ್ಚಗೆ ಇರ್ತಿದ್ದವು.

ಇಷ್ಟು ಹೇಳಿ, ನಮ್ಮ ಲ್ಯಾಬಿನ ಒಂದು ಕೆಟ್ಟ ಪದ್ಧತಿ ಹೇಳದಿದ್ದರೆ ಮುಂದಿನದ್ದು ಅರ್ಥ ಆಗಲ್ಲ. ನಾವು ರೋಗಿಗಳ ಹೆಸರು ಬರೆಯೋದಿಲ್ಲ. ಇದು ಅಪ್ಪನ ಕಾಲದ ಕಾನೂನು. ಒಂದೇ ಡಾಕ್ಟರ ಹತ್ತಿರ ಒಂದೇ ಹೆಸರಿನ ಇಬ್ಬರಿದ್ದರು. ಒಬ್ಬರು ರಿಟೈರ್ ಆದ ಮೇಷ್ಟ್ರು, ಇನ್ನೊಬ್ಬ ಲಾರಿ ಡ್ರೈವರ್. ಹೆಸರು ನಂಬಿ ಮೇಷ್ಟ್ರ ಹಲ್ಲು ಡ್ರೈವರಿಗೆ, ಡ್ರೈವರ ಹಲ್ಲು ಮೇಷ್ಟ್ರಿಗೆ ಹೋಯ್ತು. ಇಬ್ಬರೂ ಪಾಪ, ಹೊಸ ಹಲ್ಲು ಅಂದರೆ ಹೀಗೇ ಇರುತ್ತೇನೋ ಅಂತ ಸಹಿಸಿಕೊಂಡರು. ಮೇಷ್ಟ್ರ ಹೆಂಡತಿ ಬಂದು, "ಇವರು ನಕ್ಕರೆ ಬೇರೆ ಯಾರೋ ಗಂಡಸು ನಕ್ಕ ಹಾಗಿರುತ್ತೆ, ನನಗೆ ಭಯ ಆಗುತ್ತೆ" ಅಂದಾಗಲೇ ಗೊತ್ತಾಗಿದ್ದು.

ಅಲ್ಲಿಗೆ ಅಪ್ಪ ಅಪ್ಪಣೆ ಹೊರಡಿಸಿದರು: "ಹೆಸರು ನಂಬಬೇಡಿ, ಹಲ್ಲು ನಂಬಿ." ಅಚ್ಚು ಬಂದ ಕೂಡಲೇ ಎಲ್ಲರೂ ಸುತ್ತ ನಿಂತು ನೋಡೋದು, ಯಾರಿಗೆ ಏನು ತೋಚುತ್ತೋ ಆ ಹೆಸರಿಡೋದು. ಮುಂದಿನ ಎರಡು ಹಲ್ಲಿನ ನಡುವೆ ಸಂದು ಇದ್ದವರು 'ಗೇಟಿಲ್ಲದ ಕಾಂಪೌಂಡು'. ಎರಡೆರಡು ಸಲ ಹಲ್ಲಿನ ಕ್ಯಾಪ್ ನುಂಗಿ ಬಂದವರು 'ನುಂಗಣ್ಣ'. ಹಲ್ಲಲ್ಲೇ ಬಾಟಲಿ ತೆಗೆದು ಮುರಿದುಕೊಂಡವರು 'ಓಪನರ್'. ಮೇಜಿನ ಖಾನೆಯಷ್ಟು ದವಡೆ ಅಗಲ ಇದ್ದ ವಕೀಲರು 'ಡ್ರಾಯರ್'. ಒಂದಿನವೂ ಅದಲು ಬದಲಾಗಲಿಲ್ಲ. ಓಪನರ್ ಹಲ್ಲನ್ನು ನುಂಗಣ್ಣನಿಗೆ ಯಾರು ತಾನೇ ಕೊಡ್ತಾರೆ? ಸರ್ವರಿನಲ್ಲೂ ಇದೇ ಹೆಸರು, ಪಕ್ಕದಲ್ಲಿ ಅವರ ಫೋನ್ ನಂಬರು. ರಿಪೇರಿಗೆ ಕೆಲವರು ನೇರ ನಮ್ಮಲ್ಲಿಗೇ ಬರ್ತಾರಲ್ಲ, ಅದಕ್ಕೆ. ನಾಲ್ಕು ಗೋಡೆ ಒಳಗಿನ ಮಾತು, ಹೊರಗೆ ಯಾರಿಗೆ ಗೊತ್ತಾಗಬೇಕು ಅಂತ ಇದ್ದೆವು.

ಈ ವರ್ಷ ಹಳೇ ಸರ್ವರ್ ಕೆಮ್ಮೋಕೆ ಶುರು ಮಾಡಿತು. ಫ್ಯಾನ್ ಕರಕರ ಅಂತ ತಿರುಗೋದು, ಒಮ್ಮೊಮ್ಮೆ ನಿಂತು ಉಸಿರು ಎಳೆದುಕೊಳ್ಳೋದು. ಬಿಚ್ಚಿ ನೋಡಿದರೆ ಒಳಗೆಲ್ಲ ಪ್ಲಾಸ್ಟರ್ ಪುಡಿ, ಇನ್ನೊಂದಿಷ್ಟು ನೀರು ಹಾಕಿದ್ದರೆ ಅದರದ್ದೇ ಅಚ್ಚು ತೆಗೀಬಹುದಿತ್ತು. ಹೊಸ ಮಷೀನ್ ತಗೊಳ್ಳೋದು ಅಂತ ನಾನು ನಿರ್ಧಾರ ಮಾಡಿದೆ. ಅದನ್ನು ಹಾಕಿಕೊಡೋಕೆ ಒಬ್ಬ ಬಂದ. ಏನು ಕೇಳಿದರೂ "ಸಿಂಪಲ್ ಮೇಡಂ" ಅಂತಾನೆ. ಅದಕ್ಕೇ ನಾವು ಅವನನ್ನು ಸಿಂಪಲ್ ಅಂತ ಕರೆದೆವು.

"ಇದನ್ನ ದಿನಾ ನೋಡ್ಕೊಳ್ಳೋರು ಯಾರು?" ಅಂತ ಕೇಳಿದೆ.

"ಯಾರೂ ಬೇಡ ಮೇಡಂ. ಸಿಂಪಲ್. ನಾನು ನಮ್ಮ ಆಫೀಸಿಂದಲೇ ನೋಡ್ತೀನಿ. ಬ್ಯಾಕಪ್ ಅದೇ ತಗೊಳ್ಳುತ್ತೆ, ಚೆಕ್ ಅದೇ ಮಾಡುತ್ತೆ, ರೋಗಿಗಳಿಗೆ ಮೆಸೇಜೂ ಅದೇ ಕಳಿಸುತ್ತೆ."

ಚಿಕ್ಕಪ್ಪ ಅಲ್ಲೇ ನಿಂತಿದ್ದರು. ಮೂಗಿನ ಮೇಲಿದ್ದ ಕನ್ನಡಕ ತೆಗೆದು, ಕತ್ತಿನಲ್ಲಿದ್ದಿದ್ದು ಹಾಕಿಕೊಂಡು ಹೊಸ ಮಷೀನನ್ನು ಮತ್ತೆ ನೋಡಿದರು.

ಆ ಸಂಜೆಯೇ ಚಿಕ್ಕಮ್ಮ ನನ್ನ ಮನೆಗೆ ಬಂದರು. ಕೂತವರೇ ಶುರು ಮಾಡಿದರು. "ನೋಡು, ಕೈ ಮುಗೀತೀನಿ, ಅವರನ್ನ ಮನೆಗೆ ಕಳಿಸಬೇಡ. ಒಂದು ವಾರ ಜ್ವರ ಬಂದು ಮನೇಲಿದ್ದಾಗ ನನ್ನ ಅಡುಗೆಮನೆ ಡಬ್ಬಿಗಳಿಗೆಲ್ಲ ಚೀಟಿ ಅಂಟಿಸಿ, ಪ್ರತಿಯೊಂದಕ್ಕೂ ಇನ್ನೊಂದು ಡಬ್ಬಿ ಇಟ್ಟಿದ್ರು. ಸಕ್ಕರೆ ಎಲ್ಲಿದೆ ಅಂದ್ರೆ, 'ಯಾವ ಸಕ್ಕರೆ? ಅಸಲಾ, ನಕಲಾ?' ಅಂತಾರೆ ಕಣೇ!"

ನಾನು ನಕ್ಕೆ. ಚಿಕ್ಕಮ್ಮ ನಗಲಿಲ್ಲ.

"ತಮಾಷೆ ಅಲ್ಲ. ಬೆಳಗ್ಗೆ ಎದ್ದು ಶರಟು ಹಾಕ್ಕೊಂಡು ಹೊರಡೋದೊಂದೇ ಅವರಿಗಿರೋ ಸುಖ. ಮಕ್ಕಳು ಮರಿ ಅಂತ ಇಲ್ಲ ನಮಗೆ. ಅದೂ ಹೋದ್ರೆ ಆ ಮನುಷ್ಯ ಒಣಗಿಹೋಗ್ತಾರೆ."

ನನಗೇನು ಕಲ್ಲಿನ ಎದೆಯೇ? ಆದರೆ ಕೆಲಸವೇ ಇಲ್ಲದ ಜಾಗದಲ್ಲಿ ಅವರನ್ನು ಏನಂತ ಕೂರಿಸಲಿ? ಪಾಲಿಶ್ ಮಾಡೋಕೆ ಕೈ ನಡುಗುತ್ತೆ, ಬಣ್ಣ ಹೊಂದಿಸೋಕೆ ಕಣ್ಣು ಸಾಲದು, ಸೈಕಲ್ ಹತ್ತೋ ವಯಸ್ಸು ಮುಗೀತು. ಸುಮ್ಮನೆ ಕೂರಿಸಿದರೆ ಅವರಿಗೇ ಅವಮಾನ. ಹೇಳಲೇಬೇಕು ಅಂತ ಗಟ್ಟಿ ಮನಸ್ಸು ಮಾಡಿ ಮಾರನೇ ದಿನ ಅವರ ಮೇಜಿನ ಹತ್ತಿರ ಹೋದೆ. "ಚಿಕ್ಕಪ್ಪ, ಈ ಹೊಸ ಸರ್ವರ್ ಬಂದಮೇಲೆ..." ಅಂದೆ. ಅವರು ತಲೆ ಎತ್ತಿದರು. "...ಕಾಫಿ ಆಯ್ತಾ?" ಅಂತ ಕೇಳಿ ವಾಪಸ್ ಬಂದೆ.

ಹೀಗೆ ದಿನಾ ಕಾಫಿ ಕೇಳಿದೆ. ಅವರು ದಿನಾ "ಆಯ್ತಮ್ಮ" ಅಂದರು. ಬೆಕ್ಕಿಗೆ ಗಂಟೆ ಕಟ್ಟೋರು ಯಾರು ಅನ್ನೋ ಇಲಿಗಳ ಸಭೆಯಲ್ಲಿ ನಾನೊಬ್ಬಳೇ ಇಲಿ.

ಚಿಕ್ಕಪ್ಪನ ಆಟ ಇನ್ನೊಂದು ಕಡೆ ನಡೀತಿತ್ತು. ಹೊಸ ಮಷೀನಿಗೆ ಸಾಗಿಸೋಕೆ ಮುಂಚೆ ಹಳೆಯದರಲ್ಲಿರೋದೆಲ್ಲ ಸರಿಯಿದೆಯಾ ಅಂತ ನೋಡಬೇಕು ಅಂದರು. ಸರಿ ಅಂದೆವು. ಪ್ರತಿಯೊಂದು ಫೈಲನ್ನೂ ಬಿಚ್ಚಿ, ದವಡೆ ತಿರುಗಿಸಿ ತಿರುಗಿಸಿ ನೋಡೋರು. "ಓಹೋ ನುಂಗಣ್ಣ, ಹೇಗಿದೀಯಪ್ಪ? ಹೊಟ್ಟೆ ಹುಷಾರಾ?" ಅಂತ ಮಾತಾಡಿಸೋರು. ಅಸಲಿನಲ್ಲಿ ನೋಡಿದ ಮೇಲೆ ಕಪಾಟಿನ ನಕಲಿನಲ್ಲಿ ನೋಡಬೇಕು, ಅದಾದ ಮೇಲೆ ಚಿಕ್ಕಮ್ಮನ ಬೀರುವಿನ ನಕಲಿನಲ್ಲಿ. ಸಿಂಪಲ್ ದಿನಾ ಫೋನ್ ಮಾಡೋನು, "ಮೇಡಂ, ಯಾವಾಗ ಬರ್ಲಿ?" ಅಂತ. ನಾನು ಚಿಕ್ಕಪ್ಪನ ಮುಖ ನೋಡೋಳು. ಅವರು ಪರದೆಯಿಂದ ಕಣ್ಣು ತೆಗೆಯದೆ, "ಇನ್ನೂ ಕೆಳದವಡೆ ಬಾಕಿ ಇದೆ" ಅನ್ನೋರು.

ಎಷ್ಟು ಅಂತ ಎಳೆಯೋಕಾಗುತ್ತೆ? ಒಂದು ಮಧ್ಯಾಹ್ನ ಹಳೇ ಸರ್ವರ್ ಕೊನೇ ಸಲ ಕೆಮ್ಮಿ ನಿಂತೇಬಿಟ್ಟಿತು. ಪರದೆ ಕಪ್ಪಾಯ್ತು. ಸರ್ವರ್ ಹೇಳಿದ ಹಾಗೆ ಹಲ್ಲು ಕೊರೆಯೋ ಮಷೀನ್ ಅರ್ಧ ಹಲ್ಲು ಬಾಯಲ್ಲಿಟ್ಟುಕೊಂಡು ಸುಮ್ಮನಾಯ್ತು. ಚಿಕ್ಕಪ್ಪ ಮೇಜಿನ ಕೆಳಗೆ ತೂರಿ, ಬಟನ್ ಒತ್ತಿ, ತಂತಿ ಅಲ್ಲಾಡಿಸಿ, ಕಿವಿ ಇಟ್ಟು ಕೇಳಿ, ಮೊಣಕಾಲು ಹಿಡಿದುಕೊಂಡು ಎದ್ದರು. "ಹೋಯ್ತು" ಅಂದರು. ಮುಖ ನೋಡೋಕಾಗಲಿಲ್ಲ ನನಗೆ. ಆದರೆ ಮರುಕ್ಷಣವೇ ಚೀಲ ಹೆಗಲಿಗೆ ಹಾಕಿ, "ಅವನನ್ನ ಕರಿ. ನಾನು ಬೀರುವಿನದ್ದೂ ತರ್ತೀನಿ" ಅಂತ ಹೊರಟರು.

ಭಾನುವಾರ ಬೆಳಗ್ಗೆ ಲ್ಯಾಬಿಗೆ ರಜೆ. ನಾವು ಮೂವರೇ. ಸಿಂಪಲ್ ಹೊಸ ಮಷೀನನ್ನು ಧೂಳು ಬರದ ಕೋಣೆಯಲ್ಲಿ, ಎತ್ತರದ ಸ್ಟ್ಯಾಂಡಿನ ಮೇಲಿಟ್ಟು, ಚಿಕ್ಕಪ್ಪನ ನಕಲು ಡಿಸ್ಕನ್ನು ಸಿಕ್ಕಿಸಿದ. ನಕಲು ತೆಗೆಯೋದು ಎಲ್ಲರೂ ಮಾಡ್ತಾರೆ, ಬೇಕಾದಾಗ ಅದು ಬಾಯಿ ಬಿಡುತ್ತಾ ಅನ್ನೋದೇ ಪ್ರಶ್ನೆ ಅಂತ ಸಿಂಪಲ್ಲೇ ಹೆದರಿಸಿದ್ದ. ಪರದೆ ಮೇಲೆ ಪಟ್ಟೆ ನಿಧಾನಕ್ಕೆ ಹಸಿರಾಗ್ತಾ ಹೋಯ್ತು. ಚಿಕ್ಕಪ್ಪ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು, ಹೆರಿಗೆ ಕೋಣೆ ಹೊರಗೆ ಕೂತವರ ಹಾಗೆ ಕೈ ಕೈ ಹಿಸುಕಿಕೊಂಡು ಕೂತರು.

ಮುಗಿದಾಗ ಒಂದೊಂದೇ ತೆಗೆದು ನೋಡಿದೆವು. ಗೇಟಿಲ್ಲದ ಕಾಂಪೌಂಡು ಇದ್ದರು. ಡ್ರಾಯರ್ ಇದ್ದರು. ಓಪನರ್ ಮುರಿದ ಹಲ್ಲಿನ ಸಮೇತ ಇದ್ದರು. ಒಂದು ಅಕ್ಷರ ಬಿಟ್ಟುಹೋಗಿರಲಿಲ್ಲ, ಒಂದು ಬಾಯಿ ಕಳೆದಿರಲಿಲ್ಲ. ಸಿಂಪಲ್ ಬೆರಗಾಗಿ, "ಸಾರ್, ಇಷ್ಟು ನೀಟಾಗಿ ಬ್ಯಾಕಪ್ ಇಟ್ಟೋರನ್ನ ನಾನು ಎಲ್ಲೂ ನೋಡಿಲ್ಲ" ಅಂದ. ಚಿಕ್ಕಪ್ಪನ ಕಣ್ಣು ತುಂಬಿತು. ಹೆಮ್ಮೆಯೋ ದುಃಖವೋ ಅವರಿಗೇ ಗೊತ್ತು. ಎಲ್ಲವನ್ನೂ ಕ್ಷೇಮವಾಗಿ ದಾಟಿಸಿದ ಮೇಲೆ ತಾನು ಯಾವ ದಡದಲ್ಲಿ ನಿಲ್ಲಬೇಕು ಅಂತ ಆ ಮನುಷ್ಯನಿಗೆ ತಿಳಿದಿರಲಿಲ್ಲ, ನನಗೂ ಹೇಳೋ ಧೈರ್ಯ ಇರಲಿಲ್ಲ.

"ಇನ್ನು ಇದನ್ನ ಬಿಟ್ಬಿಡಿ, ತಾನೇ ನೋಡ್ಕೊಳ್ಳುತ್ತೆ" ಅಂತ ಸಿಂಪಲ್ ಹೊರಟುಹೋದ.

ನೋಡಿಕೊಂಡಿತಲ್ಲ, ಚೆನ್ನಾಗಿಯೇ ನೋಡಿಕೊಂಡಿತು!

ಸೋಮವಾರ ಬೆಳಗ್ಗೆ ನಾನು ಲ್ಯಾಬಿನ ಬೀಗ ತೆಗೀತಿದ್ದ ಹಾಗೇ ಒಳಗೆ ಫೋನ್ ಹೊಡ್ಕೋತಿತ್ತು. ಎತ್ತಿದೆ. "ಏನಮ್ಮಾ, ನಾನು ಡ್ರಾಯರಾ?" ಅಂತ ಒಂದು ಗಂಡಸಿನ ದನಿ.

"ಯಾರು ಸಾರ್?"

"ನೀವೇ ಹೇಳಬೇಕು ನಾನ್ಯಾರು ಅಂತ! ಇಲ್ಲಿ ಮೆಸೇಜ್ ಬಂದಿದೆ. 'ಮಾನ್ಯ ಡ್ರಾಯರ್ ಅವರೇ, ನಿಮ್ಮ ಹಲ್ಲು ಸಿದ್ಧವಾಗಿದೆ. ದಯವಿಟ್ಟು ಬಂದು ಪಡೆಯಿರಿ. ಸದಾ ನಗುತ್ತಿರಿ!'"

ಓಡಿಹೋಗಿ ಹೊಸ ಮಷೀನಿನ ಮುಂದೆ ಕೂತೆ. ನಾವು ಹೆಸರಿನ ಜಾಗದಲ್ಲಿ ಬರೆದಿದ್ದನ್ನೆಲ್ಲ ಅದು ಹೆಸರು ಅಂತಲೇ ನಂಬಿದೆ. ಮುಗಿದ ಕೆಲಸಗಳನ್ನೆಲ್ಲ ಹೊಸದಾಗಿ ಸಿದ್ಧವಾದವು ಅಂದುಕೊಂಡಿದೆ. ಬೆಳಗಾಗ್ತಿದ್ದ ಹಾಗೇ ಪಟ್ಟಿಯಲ್ಲಿದ್ದ ಅಷ್ಟೂ ಜನಕ್ಕೆ, ಅಪ್ಪನ ಕಾಲದಿಂದ ಮೊನ್ನೆ ತನಕ ಬಾಯಿ ತೆರೆದ ಅಷ್ಟೂ ಜನಕ್ಕೆ, 'ಮಾನ್ಯ' ಅಂತ ಸೇರಿಸಿ ಮರ್ಯಾದೆಯಾಗಿ ಕಳಿಸಿದೆ. ಮಾನ್ಯ ನುಂಗಣ್ಣ ಅವರೇ. ಮಾನ್ಯ ಓಪನರ್ ಅವರೇ. ಮಾನ್ಯ ಗೇಟಿಲ್ಲದ ಕಾಂಪೌಂಡು ಅವರೇ, ಸದಾ ನಗುತ್ತಿರಿ!

ಸಿಂಪಲ್‌ಗೆ ಫೋನ್ ಮಾಡಿದರೆ, "ಅಯ್ಯೋ ಮೇಡಂ, ಹೆಸರಿನ ಜಾಗದಲ್ಲಿ ಹೆಸರೇ ಇರುತ್ತೆ ಅಂದ್ಕೊಂಡೆ" ಅಂದ. ಅವನನ್ನು ಬೈಯೋಕೆ ಬಾಯಿ ತೆರೆದು ಮುಚ್ಚಿದೆ. ಯಾವ ಮುಖ ಇಟ್ಟುಕೊಂಡು ಬೈಯಲಿ? ಮಾಡಿದ್ದುಣ್ಣೋ ಮಹರಾಯ.

ಅಷ್ಟರಲ್ಲಿ ಚಿಕ್ಕಪ್ಪ ಬಂದರು. ವಿಷಯ ಕೇಳಿದರು. ಬಂದು ಫೋನಿನ ಮುಂದೆ ಕೂತು, "ನೀನು ಹೋಗಿ ಕೆಲಸ ನೋಡು, ಇದು ನನಗಿರಲಿ" ಅಂದರು. ಕೆಲಸ ಎಲ್ಲಿ ನೋಡಲಿ, ಬಾಗಿಲ ಹತ್ತಿರವೇ ನಿಂತು ಕೇಳಿಸಿಕೊಂಡೆ. ಅವರು ಯಾರಿಗೂ ಸುಳ್ಳು ಹೇಳಲಿಲ್ಲ, ಯಾರಿಗೂ ಬೆಣ್ಣೆ ಹಚ್ಚಲಿಲ್ಲ. "ತಪ್ಪಾಯ್ತು ಸಾರ್. ನಿಮ್ಮ ಹಲ್ಲು ಬೇರೆಯವರಿಗೆ ಹೋಗಬಾರದು ಅಂತ ಹೀಗೆ ಗುರುತು ಇಟ್ಕೊಂಡಿದ್ವಿ. ನಿಮಗೆ ನೋವಾಯ್ತು, ಕ್ಷಮಿಸಿ" ಅಂತ ಒಬ್ಬೊಬ್ಬರಿಗೂ ಮೊದಲಿಂದ ಹೇಳಿದರು. ಕೆಲವರು ಉಗಿದರು. ಕೆಲವರು ನಕ್ಕರು. ನುಂಗಣ್ಣನಂತೂ, "ಹೆಸರು ಸರಿಯಾಗೇ ಇಟ್ಟಿದೀರಿ ಬಿಡಿ, ಮೂರನೇದೂ ನುಂಗಿದೀನಿ, ಯಾವಾಗ ಬರ್ಲಿ?" ಅಂತ ಕೇಳಿದರು. ಡ್ರಾಯರ್ ವಕೀಲರು ಮಾತ್ರ ಕೇಸ್ ಹಾಕ್ತೀನಿ ಅಂದರು. ಚಿಕ್ಕಪ್ಪ, "ಹಾಕಿ ಸಾರ್, ಆದರೆ ಕೋರ್ಟಿನಲ್ಲಿ ಆ ಮೆಸೇಜು ಗಟ್ಟಿಯಾಗಿ ಓದಬೇಕಾಗುತ್ತೆ" ಅಂದರು. ವಕೀಲರು ಫೋನ್ ಇಟ್ಟರು.

ನಮ್ಮ ಲ್ಯಾಬಿನ ಹುಡುಗಿಯರೆಲ್ಲ ಬಾಯಿಗೆ ಕರ್ಚೀಫು ತುರುಕಿಕೊಂಡು ನಗ್ತಿದ್ದರು. ನಾನೂ ನಗೋದರಲ್ಲಿದ್ದೆ, ಅಷ್ಟರಲ್ಲಿ ದೊಡ್ಡ ಡಾಕ್ಟರಮ್ಮನ ಫೋನ್ ಬಂತು.

ದೊಡ್ಡ ಡಾಕ್ಟರಮ್ಮ ಅಂದರೆ, ನಮ್ಮ ಅರ್ಧಕ್ಕಿಂತ ಹೆಚ್ಚು ಕೆಲಸ ಬರೋದು ಅವರ ಕ್ಲಿನಿಕ್ಕಿಂದ. ಅವರು ಬೇಡ ಅಂದರೆ ಅರ್ಧ ಮೇಜು ಖಾಲಿ, ಅಲ್ಲಿ ಕೂತವರ ಮನೆಯಲ್ಲಿ ಒಲೆ ತಣ್ಣಗೆ. ಅವರ ಅತ್ತೆಗೆ ಪೂರ್ತಿ ಸೆಟ್ ಮಾಡಿಕೊಟ್ಟಿದ್ದು ನಾವೇ. ಬೆಳಗ್ಗೆ ಆ ಅತ್ತೆಗೆ ಮೆಸೇಜು ಹೋಗಿತ್ತು: ಮಾನ್ಯ ಮೊಸಳೆ ಅಮ್ಮ ಅವರೇ.

ಡಾಕ್ಟರಮ್ಮನ ದನಿ ರಿಸೀವರಿನಿಂದ ಹೊರಗೆ ಸಿಡೀತಿತ್ತು. "ನಮ್ಮತ್ತೆ ಅದನ್ನ ತಿಂಡಿ ಟೇಬಲ್ಲಿನ ಮೇಲೆ ಎಲ್ಲರ ಮುಂದೆ ಓದಿಸಿದ್ರು! ನಾನೇ ಹೇಳಿಕೊಟ್ಟಿದೀನಿ ಅಂತಿದಾರೆ! ಯಾರ್ರೀ ಆ ಹೆಸರು ಇಟ್ಟಿದ್ದು? ಅವರು ಅಲ್ಲಿರೋ ತನಕ ನಮ್ಮ ಕ್ಲಿನಿಕ್ಕಿಂದ ಒಂದು ಹಲ್ಲೂ ಬರಲ್ಲ!"

ಆ ಹೆಸರಿಟ್ಟಿದ್ದು ನಾನು. ಲ್ಯಾಬಿಗೆಲ್ಲ ಗೊತ್ತಿತ್ತು. ನಾನು ಹೆಜ್ಜೆ ಮುಂದಿಟ್ಟೆ. ಚಿಕ್ಕಪ್ಪ ನನ್ನ ಕಡೆ ನೋಡದೆ, ಕೈ ಅಡ್ಡ ಹಿಡಿದು ತಡೆದರು.

"ನಾನೇ ಇಟ್ಟಿದ್ದು ಅಮ್ಮಾ" ಅಂದರು. "ಎಲ್ಲಾ ಹೆಸರೂ ನಾನೇ ಇಟ್ಟಿದ್ದು, ನಾನೊಬ್ಬನೇ. ನಮ್ಮಣ್ಣನ ಮಗಳಿಗೆ ಏನೂ ಗೊತ್ತಿಲ್ಲ. ಗೊತ್ತಾದ ಕೂಡಲೇ ನನ್ನನ್ನ ಕೆಲಸದಿಂದ ತೆಗೆದುಹಾಕಿದಾಳೆ. ಇವತ್ತೇ ಕೊನೆ. ಈ ಫೋನ್ ಇಟ್ಟು ಮನೆಗೆ ಹೋಗ್ತಿದೀನಿ. ನೀವು ಕೆಲಸ ಮಾತ್ರ ನಿಲ್ಲಿಸಬೇಡಿ."

ಡಾಕ್ಟರಮ್ಮನ ದನಿ ಇಳಿಯಿತು. ಏನೋ ಹೇಳಿದರು, ನನಗೆ ಕೇಳಿಸಲಿಲ್ಲ. "ಸರಿಯಮ್ಮ, ಒಳ್ಳೇದು" ಅಂತ ಚಿಕ್ಕಪ್ಪ ರಿಸೀವರ್ ಇಟ್ಟು, ನಿಧಾನವಾಗಿ ಎದ್ದು, ಚೀಲ ತೆಗೆದುಕೊಂಡರು. "ಮಧ್ಯಾಹ್ನ ಕೆಲಸ ಕಳಿಸ್ತಾರಂತೆ" ಅಂದರು.

ನನಗೆ ಎಲ್ಲಿತ್ತೋ ಸಿಟ್ಟು. "ಯಾರನ್ನ ಕೇಳಿ ಹಾಗೆ ಹೇಳಿದ್ರಿ? ನಾನು ಯಾವಾಗ ನಿಮ್ಮನ್ನ ತೆಗೆದೆ? ಬಾಯಿಗೆ ಬಂದದ್ದು ಹೇಳೋದಾ?" ಅಂತ ಎಲ್ಲರ ಮುಂದೆ ಕೂಗಿದೆ.

ಅವರು ಚೀಲದ ಪಟ್ಟಿ ಸರಿಮಾಡಿಕೊಳ್ತಾ, ಸಣ್ಣ ದನಿಯಲ್ಲಿ ಹೇಳಿದರು. "ನೀನು ದಿನಾ ಬಂದು ಕಾಫಿ ಆಯ್ತಾ ಅಂತ ಕೇಳ್ತಿದ್ದೆಯಲ್ಲ ಮಗಳೇ. ಹೇಳೋಕೆ ನಿನಗೆ ಎಷ್ಟು ಕಷ್ಟ ಆಗ್ತಿದೆ ಅಂತ ನನಗೆ ಕಾಣಲ್ವಾ? ಇವತ್ತು ಹೇಗೂ ಒಂದು ನೆಪ ಸಿಕ್ತು. ನೀನು ಹೇಳೋ ಬದಲು ನಾನೇ ಹೇಳಿದೆ. ಇಬ್ಬರಿಗೂ ಸುಲಭ ಆಯ್ತು."

ಅಷ್ಟು ದಿನ ನಾನು ಅವರ ಮನಸ್ಸು ನೋಯಿಸಬಾರದು ಅಂತ ಒದ್ದಾಡ್ತಿದ್ದೀನಿ ಅಂದುಕೊಂಡಿದ್ದೆ. ಅವರು ದಿನಾ ನನ್ನ ಒದ್ದಾಟ ನೋಡ್ತಾ, ನನಗಾಗಿ ಸಂಕಟಪಟ್ಟುಕೊಂಡು ಕೂತಿದ್ದರು. ನನ್ನ ಮೇಲೆ ನನಗೇ ಅಸಹ್ಯ ಆಯ್ತು. ಚಿಕ್ಕಪ್ಪ ಬಾಗಿಲ ಹತ್ತಿರ ಬಗ್ಗಿ ಶೂ ಲೇಸು ಕಟ್ಟಿಕೊಳ್ತಿದ್ದರು.

ರಿಸೀವರ್ ಎತ್ತಿ ಡಾಕ್ಟರಮ್ಮನಿಗೆ ಫೋನ್ ಮಾಡಿದೆ.

"ಡಾಕ್ಟರೇ, ಈಗ ನಮ್ಮ ಚಿಕ್ಕಪ್ಪ ಹೇಳಿದ್ದು ಸುಳ್ಳು. ಅವರನ್ನ ನಾನು ತೆಗೆದಿಲ್ಲ, ತೆಗೆಯೋದೂ ಇಲ್ಲ. ನಿಮ್ಮತ್ತೆಗೆ ಆ ಹೆಸರಿಟ್ಟಿದ್ದು ನಾನು. ನೀವು ಕೆಲಸ ಕಳಿಸದಿದ್ರೆ ಬೇಡ."

ಹಿಂದೆ ಪಾಲಿಶ್ ಮಷೀನುಗಳೆಲ್ಲ ಒಂದೊಂದಾಗಿ ನಿಂತವು. ನಾನು ಅವರೆಲ್ಲರ ಅನ್ನದ ಮೇಲೆ ಕಲ್ಲು ಹಾಕ್ತಿದ್ದೀನಿ ಅಂತ ಗೊತ್ತಿತ್ತು.

"ನೀವಾ?" ಅಂದರು ಡಾಕ್ಟರಮ್ಮ. "ಯಾಕ್ರೀ? ಅಂಥದ್ದೇನು ಮಾಡಿದ್ರು ಅವರು ನಿಮಗೆ?"

"ಹಲ್ಲಿನ ಬಣ್ಣ ಹೊಂದಿಸೋಕೆ ನಿಮ್ಮ ಮನೆಗೆ ಬಂದಿದ್ದೆನಲ್ಲ, ಆವತ್ತು ಕೈ ಕಚ್ಚಿದ್ರು. ಬೇಕಂತಲೇ ಕಚ್ಚಿದ್ರು ಡಾಕ್ಟರೇ. ಸೆಟ್ ಹಾಕೋಕೆ ಮುಂಚೆ ಇದ್ದಿದ್ದೇ ನಾಲ್ಕು ಹಲ್ಲು, ನಾಲ್ಕೂ ಇಳಿದಿದ್ದವು."

ಡಾಕ್ಟರಮ್ಮ ದನಿ ತಗ್ಗಿಸಿ, ಪಕ್ಕದ ಕೋಣೆಗೆ ಕೇಳಬಾರದು ಅನ್ನೋ ಹಾಗೆ ಕೇಳಿದರು. "ನಿಮಗೂನಾ?"

ನಾನು ತಬ್ಬಿಬ್ಬಾದೆ.

"ಕೆಲಸದ ವಿಷಯ ಈಗಲೇ ಏನೂ ಹೇಳಲ್ಲ" ಅಂದರು ಅವರು. "ಮನೇಲಿ ಇದು ತಣ್ಣಗಾಗಲಿ. ನೀವೇ ಬಂದು ಅತ್ತೆ ಹತ್ತಿರ ಕ್ಷಮೆ ಕೇಳಬೇಕು. ಕೈ ದೂರ ಇಟ್ಕೊಂಡು ಕೇಳಿ." ಫೋನ್ ಇಟ್ಟರು.

ಕೆಲಸ ಬರುತ್ತೋ ಇಲ್ಲವೋ, ಆವತ್ತಿಗೆ ದೇವರಿಗೇ ಗೊತ್ತು. ತಿರುಗಿ ನೋಡಿದರೆ ಚಿಕ್ಕಪ್ಪ ಒಂದು ಶೂ ಲೇಸು ಕೈಯಲ್ಲಿ ಹಿಡಿದುಕೊಂಡು ಬಾಗಿಲಲ್ಲೇ ಇದ್ದರು. ಕಣ್ಣಲ್ಲಿ ನೀರು ಸುರೀತಿತ್ತು, ಮುಖದಲ್ಲಿ ಮಾತ್ರ ಕೆಂಡದಂಥ ಕೋಪ.

"ತಲೆ ಸರಿಯಿದೆಯೇನೇ ನಿನಗೆ? ನಾನು ಕಟ್ಟಿಕೊಟ್ಟಿದ್ದನ್ನ ಒಂದೇ ಮಾತಲ್ಲಿ ಬೀಳಿಸಿಬಿಟ್ಟೆಯಲ್ಲ! ನಿಮ್ಮಪ್ಪ ಇದ್ದಿದ್ರೆ ಕೆನ್ನೆಗೆ ಬಾರಿಸ್ತಿದ್ದ."

"ಬಾರಿಸಲಿ. ನೀವು ಒಳಗೆ ಬನ್ನಿ."

"ಒಳಗೆ ಬಂದು ಏನು ಮಾಡಲಿ? ಆ ಮಷೀನು ಎಲ್ಲಾ ತಾನೇ ಮಾಡಿಕೊಳ್ಳುತ್ತೆ."

ಸುಳ್ಳು ಹೇಳಿ ಯಾವುದಾದರೂ ಕೆಲಸ ಹುಟ್ಟಿಸಬಹುದಿತ್ತು, ಅವರು ಕಂಡುಹಿಡೀತಿದ್ದರು. "ಏನೂ ಮಾಡಬೇಡಿ" ಅಂದೆ. ಅಳು ಬಂದುಬಿಟ್ಟಿತು. ಅಷ್ಟು ಜನರ ಮುಂದೆ, ಮೂಗು ಸೋರಿಸಿಕೊಂಡು, ಚಿಕ್ಕ ಹುಡುಗಿ ಹಾಗೆ ಅತ್ತೆ. "ಕೆಲಸ ಇಲ್ಲ ಚಿಕ್ಕಪ್ಪ, ನಿಜವಾಗಿಯೂ ಇಲ್ಲ. ಬೆಳಗ್ಗೆ ಶರಟು ಹಾಕ್ಕೊಂಡು ಸುಮ್ನೆ ಬನ್ನಿ, ಕೂತ್ಕೊಳ್ಳಿ, ಸಂಜೆ ಹೋಗಿ. ನೀವಿಲ್ಲದಿದ್ರೆ ಇಲ್ಲಿ ನನ್ನವರು ಅಂತ ಯಾರೂ ಇರಲ್ಲ."

ಚಿಕ್ಕಪ್ಪ ತೋಳಿನಿಂದ ಕಣ್ಣೊರೆಸಿಕೊಂಡರು. ಶೂ ಬಿಚ್ಚಿ, ಗೋಡೆಗೆ ಸರಿಯಾಗಿ ಜೋಡಿಸಿಟ್ಟರು. ಒಳಗೆ ಬಂದು, ಚೀಲ ಮೇಜಿನ ಮೇಲಿಟ್ಟು, ಕುರ್ಚಿ ಎಳೆದು ಕೂತರು.

"ಕೆಲಸ ಇಲ್ಲದೆ ಬಂದು ಕೂರೋಕೆ," ಅಂದರು, "ನಾನೇನು ನಿನ್ನ ಥರ ಓನರ್ರಾ?"